ಎರಡು ದಿನದ ಗಾಳಿ

ಸಂಜೆ ಮಳೆ ನಿಂತಾಗ, ವಾರಗಳಿಂದ ಮರೆಯಾಗಿದ್ದ ಬೆಟ್ಟ ನಗರದಾಚೆ ಮತ್ತೆ ಕಾಣಿಸಿತು. ಹೊಗೆ ಕವಿದು ಶಾಲೆಗಳೆಲ್ಲ ಮುಚ್ಚಿದ್ದವು. ಮೋಡ ಬಿತ್ತನೆಗೆ ಹಣವಿಲ್ಲವೆಂದು ಸರ್ಕಾರ ಕೈಚೆಲ್ಲಿದಾಗ ವಿಮಾನದ ಖರ್ಚು ಹೊತ್ತವರು ಒಬ್ಬ ಹಿರಿಯ ಉದ್ಯಮಿ. ಬಿತ್ತನೆ ನಡೆಸಿದ ವಿಜ್ಞಾನಿ ನಳಿನಾಕ್ಷಿ ವಿಮಾನ ನಿಲ್ದಾಣದಲ್ಲಿ ಅವರಿಗೆ ಕೈಮುಗಿದಳು.

"ವರುಣನೂ ನಿಮ್ಮ ಮಾತು ಕೇಳ್ತಾನಲ್ಲ ಮೇಡಂ!"

"ಮೋಡ ಇದ್ರೆ ಮಾತ್ರ ಕೇಳ್ತಾನೆ ಸಾರ್. ಬರೀ ಆಕಾಶಕ್ಕೆ ಉಪ್ಪು ಎರಚಿದ್ರೆ ಒಂದು ಹನೀನೂ ಬೀಳಲ್ಲ. ಇವತ್ತು ನಮ್ಮ ಅದೃಷ್ಟ."

ಅಷ್ಟರಲ್ಲಿ ಆಸ್ಪತ್ರೆಯಿಂದ ನಳಿನಾಕ್ಷಿಗೆ ಮಗಳ ಫೋನ್ ಬಂತು. ಉಬ್ಬಸ ವಿಪರೀತವಾಗಿ ಅವಳನ್ನು ಅಲ್ಲಿ ಸೇರಿಸಿದ್ದರು.

"ಅಮ್ಮಾ, ಕಿಟಕಿ ತೆಗ್ದಿದ್ದಾರೆ! ಆದ್ರೂ ಕೆಮ್ಮು ಬರ್ತಿಲ್ಲ. ನಾಳೆ ಮನೆಗೆ ಹೋಗ್ಬಹುದಂತೆ. ಆ ಅಂಕಲ್‌ಗೆ ಥ್ಯಾಂಕ್ಸ್ ಹೇಳು."

ನಳಿನಾಕ್ಷಿ ಹೇಳಿದಳು. ಅವರು ಪರವಾಗಿಲ್ಲವೆಂಬಂತೆ ಕೈಯಾಡಿಸಿದರು.

"ಆದ್ರೆ ಸಾರ್, ಈ ಗಾಳಿ ಎರಡು ದಿನ ಬಾಳಿದ್ರೆ ಹೆಚ್ಚು. ಮತ್ತೆ ಹೊಗೆ ಸೇರಿದ್ರೆ ಅದೇ ಗತಿ. ಇನ್ನೊಂದ್ಸಲ ಹೀಗಾದ್ರೆ ಮಗು ತಡ್ಕೊಳ್ಳಲ್ಲ ಅಂದಿದ್ದಾರೆ ಡಾಕ್ಟ್ರು."

"ಎರಡು ದಿನ ಯಾಕಮ್ಮ? ನನಗೆ ನಾಳೆ ಬೆಳಗ್ಗೆವರೆಗೆ ಇದ್ರೆ ಸಾಕು."

"ಬೆಳಗ್ಗೆ ಏನಿದೆ ಸಾರ್?"

ಅವರು ಕಾರಿನಲ್ಲಿ ಕುಳಿತು ಗಾಜು ಏರಿಸುತ್ತ ನಕ್ಕರು.

"ಗಾಳಿ ಶುದ್ಧ ಆಗಿದೆ ಅಂತ ರಿಪೋರ್ಟ್ ಬಂದ ತಕ್ಷಣ, ಹೊಗೆ ಜಾಸ್ತಿ ಅಂತ ಬೀಗ ಹಾಕಿದ್ರಲ್ಲ, ನನ್ನ ಆ ಒಂಬತ್ತೂ ಕಾರ್ಖಾನೆ ತೆರೆಯೋಕೆ ಬಿಡ್ತಾರೆ."