ಹಕಾರದ ಪಾಠ

“ಹೆಗ್,” ಎಂದಳು ತನುಶ್ರೀ, ಮೊಟ್ಟೆಯ ಚಿತ್ರ ನೋಡುತ್ತ.

ರಾಧಾಮಣಿಗೆ ಅಳುವೇ ಬಂದಂತಾಯಿತು. ಡಿ.ಎಡ್. ಓದುತ್ತಿದ್ದ ಅವಳು ಇವತ್ತು ಕನಕಪುರದ ಈ ಮೂರನೇ ತರಗತಿಗೆ ಇಂಗ್ಲಿಷ್ ಪಾಠ ಮಾಡಿ ಅಂಕ ಗಳಿಸಬೇಕಿತ್ತು. ಅವಳಿಗೆ ಭಾಷಾವಿಜ್ಞಾನ ಕಲಿಸಿದ ವೆಂಕಟಯ್ಯ ಮೇಷ್ಟ್ರೇ ಹಿಂದಿನ ಬೆಂಚಿನಲ್ಲಿ ಅಂಕಪಟ್ಟಿ ಹಿಡಿದು ಕೂತಿದ್ದರು. ಕೋಳಿಯ ಚಿತ್ರಕ್ಕೆ ‘ಎನ್’ ಎನ್ನುತ್ತಿದ್ದ ಈ ಹುಡುಗಿಯ ಬಾಯಲ್ಲಿ ‘ಹೆನ್’ ಹೊರಡಿಸಲು ಇಪ್ಪತ್ತು ನಿಮಿಷ ಹಿಡಿದಿತ್ತು. ಅಂಗೈಯನ್ನು ಬಾಯಿಯ ಮುಂದಿಟ್ಟು, ಉಸಿರು ಹೇಗೆ ತಾಗುತ್ತದೆಂದು ತೋರಿಸಿಕೊಟ್ಟಿದ್ದಳು. ಈಗ ನೋಡಿದರೆ ಹುಡುಗಿ ಬೇಡದ ಕಡೆಗೂ ಹಕಾರ ಅಂಟಿಸತೊಡಗಿದ್ದಳು.

“ಇದಕ್ಕೆ ಉಸಿರು ಬೇಡ. ಎಗ್.”

“ಹೆಗ್.”

“ಎಗ್!”

“ಹೆಗ್, ಮಿಸ್.”

“ಅಯ್ಯೋ, ಇನ್ನೆಷ್ಟು ಸಲ ಏಳ್ಕೊಡ್ಲಿ ನಿಂಗೆ!”

ಮೇಷ್ಟ್ರ ಪೆನ್ನು ನಿಂತಿತು. ತಾನು ಆಡಿದ್ದು ರಾಧಾಮಣಿಯ ಕಿವಿಗೆ ಬಿದ್ದದ್ದು ಆಗಲೇ. ‘ಹೇಳ್ಕೊಡ್ಲಿ’ ಎಂಬ ಮಾತಿನ ಹಕಾರವನ್ನು ಅವಳೇ ನುಂಗಿಬಿಟ್ಟಿದ್ದಳು. ಎರಡು ವರ್ಷ ಕಾಲೇಜಿನಲ್ಲಿ ಅಳೆದು ತೂಗಿ ಮಾತಾಡಿದ್ದೆಲ್ಲ ಒಂದು ಸಿಟ್ಟಿಗೆ ನೀರಾಗಿತ್ತು. ಹಿಂದಿನ ಬೆಂಚಿನತ್ತ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಇಷ್ಟು ಹೊತ್ತೂ ತಲೆ ತಗ್ಗಿಸಿಕೊಂಡೇ ಉತ್ತರ ಕೊಡುತ್ತಿದ್ದ ತನುಶ್ರೀ ಮೊದಲ ಸಲ ಅವಳ ಮುಖ ನೋಡಿದಳು.

“ಮಿಸ್, ನಿಮ್ದು ಯಾವೂರು?”

“ಉಯ್ಯಂಬಳ್ಳಿ,” ಎಂದಳು ರಾಧಾಮಣಿ, ತಪ್ಪೊಪ್ಪಿಕೊಳ್ಳುವವಳಂತೆ.

ಹುಡುಗಿಯ ಕಣ್ಣು ಅರಳಿತು. ಪಕ್ಕದವಳನ್ನು ಮೊಣಕೈಯಿಂದ ತಿವಿದು, “ನಮ್ಮವ್ವನ ಊರು ಕಣೇ! ಮಿಸ್ಸು ನಮ್ಮೋರೇ!” ಎಂದಳು.