ಸೀಟಿನ ಕೆಳಗಿನ ಡಬ್ಬಿ

ಹೊಸ ಬ್ಯಾಟರಿ ಸೈಕಲ್ಲಿನ ಸೀಟು ಒರೆಸುತ್ತಿದ್ದ ಅಸ್ಸುಂಪ್ತಾಳ ಕೈಗೆ, ಸೀಟಿನ ಕೆಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿಯೊಂದು ತಗುಲಿತು. ಹಂದಿ ಬೇಟೆಯವರು ನಾಯಿ ಕೊರಳಿಗೆ ಕಟ್ಟುವಂಥದ್ದೇ. ನಾಯಿ ಯಾವ ಗುಡ್ಡ ಹತ್ತಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನೆಲ್ಲ ಬೇಟೆಗಾರನ ಫೋನಿಗೆ ಒಪ್ಪಿಸುವ ಚಾಡಿಕೋರ ಡಬ್ಬಿ.

"ಎಲಾ ಇವನ! ನನ್ನನ್ನೇ ನಾಯಿ ಮಾಡಿಬಿಟ್ಟನಲ್ಲ!"

ಇವನು ಎಂದರೆ ಅಳಿಯ ಗಿಫ್ರೆ. ವಾರವೆಲ್ಲ ಜಿರೋನಾ ಪೇಟೆಯಲ್ಲಿ ಕನ್ನಡಕ ಮಾರುತ್ತಾನೆ, ಭಾನುವಾರ ದಪ್ಪ ಚಕ್ರದ ಸೈಕಲ್ ಹತ್ತಿ ಗುಡ್ಡದ ಜಲ್ಲಿ ದಾರಿಗಳನ್ನು ಸುತ್ತುತ್ತಾನೆ. "ಅತ್ತೆ, ನಿಮ್ಮ ಮಂಡಿನೋವಿಗೆ ಇದೇ ಮದ್ದು" ಎಂದು ಅವನು ಈ ಬ್ಯಾಟರಿ ಸೈಕಲ್ ತಂದುಕೊಟ್ಟಾಗ ಅಸ್ಸುಂಪ್ತಾ ನಿಜಕ್ಕೂ ಹಿಗ್ಗಿದ್ದಳು. ಈಗ ಅರ್ಥವಾಯಿತು. ಅವನ ಕಣ್ಣು ಅವಳ ಮಂಡಿಯ ಮೇಲಲ್ಲ, ಅಣಬೆಯ ಮೇಲೆ.

ಅಕ್ಟೋಬರ್ ಬಂತೆಂದರೆ ಊರಿಗೆ ಊರೇ ಬುಟ್ಟಿ ಹಿಡಿದು ಕಾಡು ನುಗ್ಗುತ್ತದೆ. ಮುರಿದರೆ ಕಿತ್ತಳೆ ಬಣ್ಣದ ಹಾಲು ಸುರಿಸಿ, ಆಮೇಲೆ ಹಸಿರಾಗುವ ರುವೆಯೋ ಅಣಬೆ ಯಾರಿಗೆ ಬೇಡ? ಆದರೆ ತುಂಬಿದ ಬುಟ್ಟಿ ತರುವವಳು ಅಸ್ಸುಂಪ್ತಾ ಒಬ್ಬಳೇ. ಅವಳ ಜಾಗ ಯಾವುದೆಂದು ಯಾರಿಗೂ ಗೊತ್ತಿಲ್ಲ. ಅವಳಮ್ಮ ಪ್ರಾಣ ಬಿಡುವಾಗ ಕಿವಿಯಲ್ಲಿ ಹೇಳಿದ್ದು, ಕಿವಿಯಲ್ಲೇ ಉಳಿದಿದೆ. ಪಾದ್ರಿಯ ಮುಂದೆ ಪಾಪವನ್ನೆಲ್ಲ ಹೇಳಿಕೊಂಡರೂ ಇದೊಂದನ್ನು ಹೇಳಿಲ್ಲ. ಗಂಡ ಹಾಸಿಗೆ ಹಿಡಿದಾಗ ಎರಡು ಸಲ ಕೇಳಿದ್ದ. "ಮೊದಲು ಹುಷಾರಾಗಿ, ಆಮೇಲೆ ಹೇಳ್ತೀನಿ" ಅಂದಿದ್ದಳು. ಪಾಪ, ಹುಷಾರಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಜಾಗ ಕಾಡಿನ ಒಳಗೇ ಇಲ್ಲ. ಪಾಳು ಚರ್ಚಿಗೆ ಹತ್ತುವ ಜಲ್ಲಿ ದಾರಿಯ ಮೂರನೇ ತಿರುವಿನಲ್ಲಿ, ದಾರಿಯ ಅಂಚಿಗೇ, ನಾಲ್ಕು ಪೈನ್ ಮರಗಳ ಬುಡದಲ್ಲಿದೆ. ಜನ ಅದನ್ನು ದಾಟಿಕೊಂಡೇ ಕಾಡೊಳಗೆ ಓಡುತ್ತಾರೆ.

"ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಕಣೋ ಮಗನೇ" ಎಂದುಕೊಂಡ ಅಸ್ಸುಂಪ್ತಾ ಡಬ್ಬಿಯನ್ನು ಮುಟ್ಟಲಿಲ್ಲ. ಗುರುವಾರವೇ ಸೈಕಲ್ ಬಿಟ್ಟು ಕುಂಟುತ್ತ ಹೋಗಿ ಒಂದು ಬುಟ್ಟಿ ಅಣಬೆ ಕಿತ್ತು ತಂದು ನೆಲಮಾಳಿಗೆಯಲ್ಲಿ ಮುಚ್ಚಿಟ್ಟಳು. ಶನಿವಾರ, ಎಂದಿನ ತನ್ನ ಅಣಬೆಯ ದಿನ, ಅದೇ ತುಂಬಿದ ಬುಟ್ಟಿಗೆ ಬಟ್ಟೆ ಹೊದಿಸಿ, ಸೈಕಲ್ ಹತ್ತಿ ಹೊರಟಳು. ಮೂರನೇ ತಿರುವಿನಲ್ಲಿ ತಿರುಗಿಯೂ ನೋಡಲಿಲ್ಲ. ಗುಡ್ಡದ ತುದಿಯ ಪಾಳು ಚರ್ಚಿನ ಮೆಟ್ಟಿಲ ಮೇಲೆ ಕೂತು, ಟೊಮೆಟೊ ತಿಕ್ಕಿದ ಬ್ರೆಡ್ಡು ತಿಂದು, ಒಂದೂವರೆ ತಾಸು ತೂಕಡಿಸಿ ಮನೆಗೆ ಬಂದಳು.

"ಅಬ್ಬಾ, ಏನತ್ತೆ ಇಷ್ಟೊಂದು!" ಬುಟ್ಟಿ ನೋಡಿ ಗಿಫ್ರೆ ಬಾಯಿ ಬಿಟ್ಟ. "ಎಲ್ಲಿ ಸಿಕ್ತು?"

"ಕಾಡಲ್ಲಿ."

ಭಾನುವಾರ ಬೆಳಕು ಹರಿಯುವ ಮುಂಚೆಯೇ ಅಳಿಯ ಮಾಯ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಳಕ್ಕೆ ಬಂದು ಸೈಕಲ್ ಒರಗಿಸಿದ. ಮೊಣಕೈ ತರಚಿತ್ತು, ಬೆನ್ನಿನ ಚೀಲ ಖಾಲಿಯಾಗಿ ಜೋತಾಡುತ್ತಿತ್ತು.

"ಎಲ್ಲಿಗಪ್ಪಾ ಹೋಗಿದ್ದೆ?" ಅಸ್ಸುಂಪ್ತಾ ಏನೂ ಅರಿಯದವಳಂತೆ ಕೇಳಿದಳು.

"ಸುಮ್ನೆ, ಪಾಳು ಚರ್ಚಿನ ಕಡೆಗೆ. ಮೂರು ತಾಸು ಅಲ್ಲೇ ಇದ್ದೆ. ಒಂದು ಅಣಬೆಯಾದ್ರೂ... ಅಲ್ಲ, ಗಾಳಿ ಚೆನ್ನಾಗಿತ್ತು. ಇಳೀವಾಗ ಫೋನ್ ನೋಡ್ತಿದ್ದೆ, ತಿರುವು ಕಾಣ್ಲಿಲ್ಲ. ದಾರಿ ಬಿಟ್ಟು ಮರದ ಬುಡಕ್ಕೆ ನುಗ್ಗಿ ಬಿದ್ದೆ."

ನಗು ತಡೆಯಲಾಗದೆ ಮುಖ ತಿರುಗಿಸಿದವಳ ಕಣ್ಣು ಸೈಕಲ್ಲಿನ ಮುಂದಿನ ಚಕ್ರದ ಮೇಲೆ ಬಿತ್ತು. ನಗು ಗಂಟಲಲ್ಲೇ ಉಳಿಯಿತು. ಟೈರಿನ ಹಲ್ಲುಗಳ ಸಂದಿಯಲ್ಲಿ ಕಿತ್ತಳೆ ಹಾಲು! ಕಡ್ಡಿಗೆ ಅಂಟಿಕೊಂಡು, ಆಗಲೇ ಹಸಿರಾಗುತ್ತಿದ್ದ ಅರ್ಧ ಅಣಬೆ! ಈ ಊರಿನಲ್ಲಿ ಅದನ್ನು ನೋಡಿ ಗುರುತು ಹಿಡಿಯದವರು ಯಾರೂ ಇಲ್ಲ.

ಮಂಡಿನೋವು ಎತ್ತ ಹೋಯಿತೋ, ಓಡಿಹೋಗಿ ನೀರಿನ ಪೈಪು ಎಳೆದು ತಂದು ಚಕ್ರಕ್ಕೆ ಹಿಡಿದಳು. ಉಗುರಿನಿಂದ ಕೆರೆದು ಕೆರೆದು ತೊಳೆದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅತ್ತೆ ತನ್ನ ಕಾಫಿ ಲೋಟವನ್ನೂ ತೊಳೆದದ್ದು ಕಾಣದ ಗಿಫ್ರೆ ಪೈಪಿಗೆ ಕೈ ಚಾಚಿದ.

"ಬಿಡಿ ಅತ್ತೆ, ನಾನೇ ತೊಳ್ಕೋತೀನಿ."

"ಬಿದ್ದು ದಣಿದು ಬಂದಿದೀಯ. ಒಳಗೆ ಹೋಗು. ಹೋಗು ಅಂದೆ!"

ಅವನು ಕಣ್ಣೊರೆಸಿಕೊಂಡ. ಇಂಥ ತಾಯಿಗೆ ಮೋಸ ಮಾಡಲು ಹೋದೆನಲ್ಲ ಎಂದು ನಾಚಿಕೆಯಾಗಿ, ಸುಮ್ಮನೆ ಹೋಗಿ ಅತ್ತೆಯ ಸೈಕಲ್ಲಿನ ಸೀಟಿನ ಕೆಳಗಿನ ಡಬ್ಬಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅಸ್ಸುಂಪ್ತಾ ಓರೆಗಣ್ಣಲ್ಲಿ ನೋಡಿದಳು. ಗೆದ್ದೆ ಎಂದುಕೊಂಡಳು.

"ಒಂದು ಮಾತು ಅತ್ತೆ," ಬಾಗಿಲಲ್ಲಿ ನಿಂತು ಅವನೆಂದ. "ದಾರಿ ಮಾತ್ರ ಏನ್ ಸೊಗಸು ಅಂತೀರಿ! ಬರೋ ಭಾನುವಾರ ನಮ್ಮ ಕ್ಲಬ್ಬಿನ ಹನ್ನೆರಡು ಜನಾನೂ ಅದೇ ದಾರೀಲಿ ಕರ್ಕೊಂಡು ಹೋಗ್ತೀನಿ."

ಹನ್ನೆರಡು ಜನ, ಇಪ್ಪತ್ನಾಲ್ಕು ಕಣ್ಣು. ಪೈಪಿನ ನೀರು ಅವಳ ಚಪ್ಪಲಿಯ ಮೇಲೇ ಸುರಿಯುತ್ತಿತ್ತು.

"ಭಾನುವಾರಾನಾ? ಶನಿವಾರ ಅಲ್ಲ ತಾನೇ?"

"ಭಾನುವಾರಾನೇ."

"ಎಲ್ಲರ ಹತ್ರಾನೂ ನಿನ್ನ ಥರ ದಾರಿ ತೋರ್ಸೋ ಫೋನಿದೆಯಾ?"

"ಮತ್ತೆ? ಅದನ್ನ ನೋಡ್ಕೊಂಡೇ ಹೋಗೋದು. ಕಣ್ಣು ತೆಗೆದ್ರೆ ದಾರಿ ತಪ್ಪತ್ತೆ."

ಅಸ್ಸುಂಪ್ತಾಳಿಗೆ ಹೋದ ಜೀವ ಬಂತು. ನಲ್ಲಿ ನಿಲ್ಲಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಹಾಗಿದ್ರೆ ಧಾರಾಳವಾಗಿ ಹೋಗ್ಬನ್ನಿ. ತಿರುವಲ್ಲಿ ಮಾತ್ರ ಫೋನ್ ಬಿಟ್ಟು ಆ ಕಡೆ ಈ ಕಡೆ ನೋಡ್ಬೇಡ್ರಪ್ಪಾ. ದಾರಿ ತಪ್ಪೀರಿ."