ವಾಲ್ವಿನ ಸಂದು

ನಿನ್ನೆ ಸಂಜೆ ಕೈಯಾರೆ ಅಳೆದು ಬಿಟ್ಟಿದ್ದ ಸಂದು ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು.

ಅವಳು ಎಂಜಿನ್ನಿನ ಮೇಲೆ ಬಗ್ಗಿ, ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯನ್ನು ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ತೂರಿಸಲು ನೋಡಿದಳು. ಪಟ್ಟಿ ಹೋಗಲಿಲ್ಲ.

ಹಳೆಯ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿದ ಮೇಲೆ ವಾಲ್ವುಗಳು ತಮ್ಮ ಜಾಗದಲ್ಲಿ ಕೂರುವಾಗ ಸಂದು ಕೂದಲೆಳೆಯಷ್ಟು ಏರುಪೇರಾಗುವುದುಂಟು. ಹಾಗೆಂದೇ ಮೊದಲ ಸಲ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಸರಿಮಾಡಿದಳು, ಮತ್ತೆ ಬಿಗಿಯಾಯಿತು. ವಾಲ್ವ್ ಬಗ್ಗಿದೆಯೇ, ಸ್ಪ್ರಿಂಗ್ ಸೋತಿದೆಯೇ ಎಂದು ಹೆಡ್ಡನ್ನೇ ಇಳಿಸಿ ನೋಡಿದಳು. ಎಲ್ಲ ಚಿನ್ನದಂತಿತ್ತು. ಇವತ್ತು ಮತ್ತೆ ಅದೇ ಕಥೆ. ಆದರೆ ಬಿಗಿಯಾಗಿದ್ದದ್ದು ಹಿಂದಿನ ಎರಡು ಸಲದಂತೆ ಮೂರನೆಯ ಸಿಲಿಂಡರಿನದಲ್ಲ, ಎರಡನೆಯದರದು.

ರೋಗ ಹೀಗೆ ಮನೆ ಬದಲಾಯಿಸುವುದಿಲ್ಲ. ಹತ್ತಿರ ಟಾರ್ಚ್ ಹಿಡಿದಳು. ಸಂದನ್ನು ಹಿಡಿದಿಡುವ ನಟ್ಟಿನ ಅಂಚಿನಲ್ಲಿ ಹಸಿ ಗೀರೊಂದು ಹೊಳೆಯಿತು. ಅದು ಅವಳ ಸ್ಪ್ಯಾನರಿನದಲ್ಲ.

ಯಾರೋ ಶೆಡ್ಡಿಗೆ ಬಂದು ಹೋಗುತ್ತಿದ್ದಾರೆ.

ಭಾನುವಾರ ಹಳೆ ಕಾರುಗಳೆಲ್ಲ ಸಾಲಾಗಿ ಬೆಟ್ಟ ಹತ್ತಲಿದ್ದವು. ಈ ಹಸಿರು ಕಾರನ್ನು ಅಪ್ಪನೇ ಓಡಿಸಬೇಕು, ಪಕ್ಕದಲ್ಲಿ ಮೊಮ್ಮಗಳು ಕೂರಬೇಕು — ಇದು ಅವಳ ಆಸೆ. ಜೀವಮಾನವಿಡೀ ಚಾಲಕರಾಗಿದ್ದ ಅಪ್ಪನಿಗಾಗಿಯೇ ಅವಳು ಈ ಎಂಜಿನ್ ಕಟ್ಟಿದ್ದು. ಊರಿಗೆಲ್ಲ ಹೇಳಿಕೊಂಡೂ ಆಗಿತ್ತು. ಅಪ್ಪ ಮಾತ್ರ ನಕ್ಕು, “ಗಾಡಿ ಒಪ್ಪಿದ್ರೆ ನಾನು ಒಪ್ಪಿದ ಹಾಗೆ” ಅಂದಿದ್ದರು.

ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬೆಂಕಿ ಅದರ ಅಂಚನ್ನು ತಿನ್ನುತ್ತದೆ. ಕೊನೆಗೊಮ್ಮೆ ವಾಲ್ವಿನ ತಲೆ ಮುರಿದು ಒಳಗೆ ಬಿದ್ದರೆ ಎಂಜಿನ್ ಹಿಡಿದುಕೊಂಡು ಥಟ್ಟನೆ ನಿಲ್ಲುತ್ತದೆ. ಬೆಟ್ಟದ ತಿರುವಿನಲ್ಲಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮಗಳ ಎರಡು ಜಡೆ ಕಣ್ಣೆದುರು ಬಂದು ಅವಳು ಕಾರಿನ ಬಾಗಿಲು ಹಿಡಿದುಕೊಂಡಳು.

ನಟ್ಟನ್ನು ಬಿಚ್ಚಿಕೊಂಡು ಅಪ್ಪನ ಬಳಿ ಓಡಿದಳು. ಅವರು ಜಗಲಿಯಲ್ಲಿ ಕೂತು ಮೊಮ್ಮಗಳ ಕೈಲಿ ಪತ್ರಿಕೆ ಓದಿಸುತ್ತಿದ್ದರು. ಇತ್ತೀಚೆಗೆ ದಿನಾ ಅದೇ ಪಾಠ. ಮಗುವಿನ ನಾಲಿಗೆ ತಿರುಗಲಿ ಎಂದು.

“ನೋಡಿ ಅಪ್ಪ, ಈ ಗೀರು.”

ಅಪ್ಪ ನಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ನಿಧಾನವಾಗಿ ಸವರಿದರು. “ಹಳೇ ಗಾಡಿ ಕಣಮ್ಮ. ಅದಕ್ಕೂ ಒಂದು ಮನಸ್ಸಿರುತ್ತೆ. ಬಿಟ್ಬಿಡು ಈ ಸಲ.”

ಬಿಟ್ಟುಬಿಡು! ಅಪ್ಪ ತುಂಬಾ ಮೆತ್ತಗಾಗಿದ್ದಾರೆ ಅನ್ನಿಸಿತು. ಅವಳು ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಾಗಲೂ ಒಂದು ಮಾತು ಬೈದಿರಲಿಲ್ಲ. ಹಿಂದಿನ ಅಪ್ಪನಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು.

ಹಾಗಾದರೆ ಯಾರು? ಯೋಚಿಸಲೂ ಹೆದರಿಕೆಯಾಗುವ ಒಂದೇ ಉತ್ತರವಿತ್ತು.

ಅವಳ ಗಂಡನಿಗೆ ಈ ಓಟ ಮೊದಲಿನಿಂದಲೂ ಇಷ್ಟವಿರಲಿಲ್ಲ. ಕಾರಣ ಕೇಳಿದರೆ ಮಾತು ಹಾರಿಸುತ್ತಿದ್ದ. ಮಾವನ ತೋಳು ಹಿಡಿದುಕೊಂಡು ಅಂಗಳದಲ್ಲಿ ಓಡಾಡುತ್ತ ಪಿಸುಗುಡುವುದು, ಇವಳನ್ನು ಕಂಡೊಡನೆ ಬಾಯಿಗೆ ಬೀಗ ಹಾಕಿಕೊಳ್ಳುವುದು. ಮೊನ್ನೆ ಊಟದ ನಡುವೆ ಅವಳ ಮುಖ ನೋಡದೆ ಅಂದಿದ್ದ: “ಆ ಗಾಡಿ ಕೆಟ್ಟು ನಿಂತ್ರೇನೇ ಎಲ್ಲರಿಗೂ ಒಳ್ಳೇದು.”

ಒಂದೇ ಹಾಸಿಗೆಯಲ್ಲಿ ಮಲಗುವ ಮನುಷ್ಯ. ಮಗುವಿನ ಅಪ್ಪ.

ಅವಳು ಸಂದನ್ನು ಮತ್ತೆ ಸರಿಮಾಡಿದಳು. ಮಧ್ಯಾಹ್ನ ಊಟವಾದ ಮೇಲೆ, ಬಿಡಿಭಾಗ ತರಲು ಪೇಟೆಗೆ ಹೋಗುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟಳು. ಹಿತ್ತಲು ಬಳಸಿ ಬಂದು ಶೆಡ್ಡಿನೊಳಗೆ ಟೈರುಗಳ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಕೈಯಲ್ಲಿ ಜಾಕಿನ ಕಬ್ಬಿಣದ ಸರಳು. ಇದನ್ನು ಯಾಕೆ ಹಿಡಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮನೆ ನಿದ್ದೆಗೆ ಜಾರಿತು. ಬಾಗಿಲು ಕಿರ್ರೆಂದಿತು.

ಕಾರಿನ ಅಡಿಯಿಂದ ಎರಡು ಪಾದ ಕಂಡವು. ಗಂಡನ ಕಂದು ಚಪ್ಪಲಿ.

ಚಪ್ಪಲಿಗಳು ಅವಸರವಿಲ್ಲದೆ ಎಂಜಿನ್ನಿನ ಕಡೆ ನಡೆದವು. ಬಾನೆಟ್ ಎದ್ದಿತು. ಕವರ್ ಬಿಚ್ಚಿದ ಸದ್ದು. ಆಮೇಲೆ ಸ್ಪ್ಯಾನರ್ ನಟ್ಟನ್ನು ಕಚ್ಚಿ ತಿರುಗಿದ ಸದ್ದು. ಅವಳು ಸರಳೆತ್ತಿಕೊಂಡು, ಕಾರನ್ನು ಸುತ್ತಿ ಬಂದಳು.

ಅಪ್ಪ.

ಅಳಿಯನ ಚಪ್ಪಲಿ ಮೆಟ್ಟಿಕೊಂಡ ಅಪ್ಪ, ಗೋಡೆಯ ಕಡೆ ಮುಖ ಮಾಡಿ, ಎಡಗೈ ಬೆರಳುಗಳಿಂದ ಒಂದೊಂದೇ ರಾಕರನ್ನು ತಡಕುತ್ತ, ಬಲಗೈಯಲ್ಲಿ ವಾಲ್ವನ್ನು ಬಿಗಿ ಮಾಡುತ್ತಿದ್ದರು. ಸರಳು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅಪ್ಪ ಬೆಚ್ಚಿ ತಿರುಗಿದರು. ತೆರೆದ ಬಾಗಿಲಿನ ಹಗಲು ಬೆಳಕೆಲ್ಲ ಅವಳ ಮುಖದ ಮೇಲೆ ಬಿದ್ದಿತ್ತು. ಇಬ್ಬರ ನಡುವೆ ಒಂದು ಮೊಳ ದೂರವೂ ಇರಲಿಲ್ಲ.

“ಅಳಿಯಂದ್ರಾ?” ಅಂದರು ಅಪ್ಪ, ಅವಳ ಕಣ್ಣನ್ನೇ ನೋಡುತ್ತ. “ಅವಳಿಗೆ ಮಾತ್ರ ಹೇಳ್ಬೇಡಿ. ಈ ಕಣ್ಣಿಟ್ಕೊಂಡು, ಮಗೂನ ಪಕ್ಕದಲ್ಲಿ ಕೂರಿಸ್ಕೊಂಡು, ನಾನು ಹೇಗೆ ಓಡಿಸ್ಲಿ?”